ಗಾಜಿನ ಹಿಂದಿನ ನಾಗಪ್ಪನಿಗೆ ಹಾಲೆರೆದ ಮುರಿಗೆವ್ವ

ಆ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬೇಕು. ಹೋದ ಶ್ರಾವಣದಲ್ಲಿ ಹುಬ್ಬಳ್ಳಿ-ಧಾರವಾಡದ ಯಾವ ವಾಟ್ಸಾಪ್ ಗ್ರೂಪನ್ನೂ ಅದು ಬಿಟ್ಟಿಲ್ಲ. ತಲೆಯ ಮೇಲೆ ಸೆರಗು ಹೊತ್ತ ಒಬ್ಬ ಮುದುಕಿ. ದೊಡ್ಡ ಹಾಲ್‌ನ ಬಿಳಿ ಗೋಡೆ. ಗೋಡೆಯ ಮೇಲೆ ಫ್ರೇಮು ಹಾಕಿದ ನಾಗರಹಾವಿನ ಚಿತ್ರ. ಮುದುಕಿ ಕೊಬ್ಬರಿ ಬಟ್ಟಲನ್ನು ಹಾಲಿನಲ್ಲಿ ಅದ್ದಿ ಚಿತ್ರದ ಗಾಜಿಗೆ ಮುಟ್ಟಿಸುತ್ತಾಳೆ. ಮತ್ತೆ ಅದ್ದುತ್ತಾಳೆ, ಮತ್ತೆ ಮುಟ್ಟಿಸುತ್ತಾಳೆ. ನಡುವೆ ಒಮ್ಮೆ ಹೊರಳಿ ಹಿಂದೆ ನೋಡುತ್ತಾಳೆ. ತುಟಿ ಅಲುಗುತ್ತಲೇ ಇರುತ್ತದೆ, ಆದರೆ ಧ್ವನಿ ಇಲ್ಲ. ಅದು ಕಳ್ಳರನ್ನು ಹಿಡಿಯಲು ಹಾಕಿಸಿದ ಕ್ಯಾಮೆರಾ. ಕಳ್ಳರ ಮಾತು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಕೆಳಗೆ ನಗುವ ಮುಖಗಳ ಸಾಲು. "ಗಾಜ ಒಡಕೊಂಡ ಹೊರಗ ಬಂದಾನು, ಯಮ್ಮಾ, ಹುಷಾರ." "ಹಾಲ ಹಾಳ ಮಾಡಬ್ಯಾಡ, ಚಹಾಕ್ಕ ಇಡು." "ಹಿಂದ ಹೊಳ್ಳಿ ನೋಡ್ತಾಳ ನೋಡ್ರಿ, ಸಿಕ್ಕ ಬೀಳ್ತೇನಿ ಅಂತ ಹೆದರ್ಯಾಳ." ನಕ್ಕವರಲ್ಲಿ ಡಾಕ್ಟರರಿದ್ದರು, ಕಾಲೇಜಿನ ಮಾಸ್ತರರಿದ್ದರು. ಅದೇ ವಾರ ತಮ್ಮ ಮನೆಯಲ್ಲಿ ಮಣ್ಣಿನ ನಾಗಪ್ಪನಿಗೆ ಹಾಲೆರೆದು, ಉಂಡಿ ತಿಂದು, ಕೈ ಒರೆಸಿಕೊಂಡು ಮೊಬೈಲು ಹಿಡಿದವರೂ ಇದ್ದರು. ಆಕೆ ಏನು ಹೇಳುತ್ತಿದ್ದಾಳೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಆಕೆಯ ಹೆಸರು ಮುರಿಗೆವ್ವ. ಹುಟ್ಟಿದ್ದು ಶಿರಗುಪ್ಪಿಯಲ್ಲಿ, ಕೊಟ್ಟದ್ದು ಹುಬ್ಬಳ್ಳಿಗೆ. ಗಂಡ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹಮಾಲಿ ಮಾಡುತ್ತಿದ್ದ. ಮಕ್ಕಳಾಗಲಿಲ್ಲ. ಗಂಡ ತೀರಿದ ಮೇಲೆ ಅದೇ ಫ್ಯಾಕ್ಟರಿಯ ಅಂಗಳದಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಹತ್ತಿಯೊಳಗಿನ ಕಸಕಡ್ಡಿ ಆರಿಸುವ ಕೆಲಸ ಮಾಡಿದಳು. ಹತ್ತಿಯ ಧೂಳು ಎದೆಗೆ ಕೂತಿತು, ಕೂತು ಕೂತು ಮೊಣಕಾಲು ಹಿಡಿಯಿತು. ಆಗ ಫ್ಯಾಕ್ಟರಿಯ ಒಡೆಯ ಬಸವಪ್ರಭು ಆಕೆಯನ್ನು ಬಿಡಿಸಿ ಮನೆಗೆ ಕಳಿಸಬಹುದಿತ್ತು, ಕಳಿಸಲಿಲ್ಲ. ಅದನ್ನೂ ಹೇಳಬೇಕು. ಧಾರವಾಡದ ದಾರಿಯಲ್ಲಿ, ಹೊಸ ಲೇಔಟುಗಳ ನಡುವೆ ಅವನೊಂದು ಗೆಸ್ಟ್ ಹೌಸ್ ಕಟ್ಟಿಸಿದ್ದ. ಹೊರಗಿನಿಂದ ಬರುವ ಹತ್ತಿ ವ್ಯಾಪಾರಿಗಳಿಗೆ, ಗೆಳೆಯರ ಪಾರ್ಟಿಗೆ.

"ಕೂತಲ್ಲೇ ಕೆಲಸ ಮುರಿಗೆವ್ವಾ," ಅಂದಿದ್ದ. "ಮನಿ ಕಾಯೂದು, ಕಸಾ ಹೊಡಿಯೂದು, ಧೂಳ ಜಾಡಸೂದು. ಅಡಗಿಮನಿ ಹಿಂದ ಖೋಲಿ ಐತಿ, ಅಲ್ಲೇ ಇರು."

ಆಕೆ ಹುಬ್ಬಳ್ಳಿಯ ಬಾಡಿಗೆ ಖೋಲಿ ಬಿಟ್ಟು, ಪಾತ್ರೆ ಹಾಸಿಗೆ ಕಟ್ಟಿಕೊಂಡು ಬಂದಳು. ಅಲ್ಲಿಂದೀಚೆಗೆ ಈ ಲೋಕದಲ್ಲಿ ಆಕೆಗೆ ಇದ್ದ ಸೂರು ಅದೊಂದೇ. ತವರಿನಲ್ಲಿ ಅಣ್ಣ ಮಡಿವಾಳಪ್ಪ ಇದ್ದ, ತೀರಿಹೋದ. ಅಣ್ಣನ ಮಕ್ಕಳು ಕೆಟ್ಟವರಲ್ಲ, ಫೋನ್ ಮಾಡದವರು. ಕೆಲಸ ಹೋದರೆ ಖೋಲಿ ಹೋಯಿತು, ಖೋಲಿ ಹೋದರೆ ಬೀದಿ. ಇದು ಆಕೆಗೆ ಪ್ರತಿ ಬೆಳಿಗ್ಗೆ ಗೊತ್ತಿರುತ್ತಿತ್ತು.

ಗೆಸ್ಟ್ ಹೌಸಿಗೆ ಅತಿಥಿಗಳು ಬರುವುದು ಅಪರೂಪ. ಬಂದಾಗ ರಾತ್ರಿಯೆಲ್ಲ ಗದ್ದಲ, ಹೋದ ಮೇಲೆ ವಾರಗಟ್ಟಲೆ ಏನೂ ಇಲ್ಲ. ಸುತ್ತಲಿನ ಪ್ಲಾಟುಗಳಲ್ಲಿ ಕಲ್ಲು ನೆಟ್ಟಿದ್ದರು, ಮನೆ ಎದ್ದಿರಲಿಲ್ಲ. ಹಾಲಿನವನು ಪಾಕೀಟನ್ನು ಗೇಟಿಗೆ ನೇತುಹಾಕಿ ಹಾರ್ನ್ ಹೊಡೆದು ಹೋಗುತ್ತಿದ್ದ. ಗಾಡಿ ನಿಲ್ಲಿಸುತ್ತಿರಲಿಲ್ಲ. ಫ್ಯಾಕ್ಟರಿಯಲ್ಲಿ ಇಡೀ ದಿನ ಹತ್ತಾರು ಹೆಂಗಸರ ಬಾಯಿಯ ನಡುವೆ ಬದುಕಿದ ಹೆಂಗಸು ಅದು. ಯಾರ ಸೊಸೆ ಯಾರಿಗೆ ಎದುರು ಮಾತಾಡಿದಳು, ಯಾರ ರೊಟ್ಟಿ ಸುಟ್ಟಿತು, ಎಲ್ಲ ಬೇಕಿತ್ತು ಆಕೆಗೆ. ಇಲ್ಲಿ ಬಂದು ತನ್ನ ಪಾತ್ರೆಯ ಸದ್ದನ್ನು ತಾನೇ ಕೇಳುತ್ತ ಕೂತಳು.

ಆಗ ಚಿತ್ರಗಳು ಬಂದವು.

ತಂದವಳು ಬಸವಪ್ರಭುವಿನ ಹೆಂಡತಿ ಶಾಂಭವಿ. ಮುಂಬೈಯಲ್ಲಿ ಯಾವುದೋ ಅಂಗಡಿಯಲ್ಲಿ ಆರಿಸಿ ತಂದದ್ದು. ಇಂಗ್ಲಿಷರ ಕಾಲದ ದೊಡ್ಡ ದೊಡ್ಡ ಪುಸ್ತಕಗಳ ಹಾಳೆಗಳು, ಒಂದೊಂದರಲ್ಲಿ ಒಂದು ಪ್ರಾಣಿ ಅಥವಾ ಒಂದು ಗಿಡ, ಅಚ್ಚಾದ ಮೇಲೆ ಕೈಯಿಂದ ಬಣ್ಣ ತುಂಬಿದವು. ಈ ವ್ಯಾಪಾರ ಹೇಗೆ ನಡೆಯುತ್ತದೆ ಗೊತ್ತೇ? ಹಳೆಯ ಪುಸ್ತಕವೊಂದನ್ನು ಹಿಡಿದು, ಹೊಲಿಗೆ ಬಿಚ್ಚಿ, ಚಿತ್ರದ ಹಾಳೆಗಳನ್ನು ಒಂದೊಂದಾಗಿ ಕೀಳುತ್ತಾರೆ. ಅಕ್ಷರದ ಹಾಳೆಗಳಿಗೆ ಗಿರಾಕಿ ಇಲ್ಲ. ಆ ಗಿಡ ಎಲ್ಲಿ ಬೆಳೆಯುತ್ತದೆ, ಯಾವ ಊರಿನವರು ಅದನ್ನು ಏನೆಂದು ಕರೆಯುತ್ತಾರೆ ಎಂದು ಬರೆದದ್ದೆಲ್ಲ ರದ್ದಿಗೆ. ಚಿತ್ರಕ್ಕೆ ಫ್ರೇಮು, ಫ್ರೇಮಿಗೆ ಗೋಡೆ, ಗೋಡೆಯ ಮುಂದೆ ಸೋಫಾ. ಕೆಳಗೆ ಸಾಹೇಬರ ಹೆಸರು ಓರೆ ಅಕ್ಷರದಲ್ಲಿ ಉಳಿದಿರುತ್ತದೆ. ಅಂಥ ಎಷ್ಟೋ ಚಿತ್ರಗಳನ್ನು ಕೂತು ಬರೆದುಕೊಟ್ಟವರು ನಮ್ಮ ನೆಲದ ಚಿತ್ರಗಾರರು. ಅವರಲ್ಲಿ ಹೆಚ್ಚಿನವರ ಹೆಸರು ಎಲ್ಲಿಯೂ ಅಚ್ಚಾಗಲಿಲ್ಲ. ಕೂಲಿ ಕೊಟ್ಟ ಮೇಲೆ ಹೆಸರೇಕೆ, ಅಲ್ಲವೇ? ಆ ನ್ಯಾಯ ಇವತ್ತಿಗೂ ಚಾಲ್ತಿಯಲ್ಲಿದೆ.

ಫ್ರೇಮು ಹಾಕಿ ಗೋಡೆಗೆ ಏರಿಸಿದವನು ಹುಬ್ಬಳ್ಳಿಯ ಕಮರುದ್ದೀನ. ದೇವರ ಫೋಟೊ, ಸ್ವಾಮಿಗಳ ಫೋಟೊ, ತೀರಿಹೋದವರ ಫೋಟೊ, ಇವಿಷ್ಟಕ್ಕೇ ಕಟ್ಟು ಹಾಕುತ್ತ ತಲೆ ನರೆತವನು. ಅವನು ಏಣಿಯ ಮೇಲೆ, ಮುರಿಗೆವ್ವ ಏಣಿಯ ಬುಡದಲ್ಲಿ.

"ಕಾಕಾ, ಗೂಗಿ ಯಾರರ ಮನ್ಯಾಗ ತಂದ ಇಡತಾರೇನ?"

"ನಾ ಮೊಳಿ ಹೊಡಿಯಾಂವ ಅವ್ವಾರ, ಗೂಗಿ ತಂದಾಂವ ಅಲ್ಲ."

"ತೊಗಲಬಾವಲಿ ನೋಡು, ನೆಟ್ಟಗ ನಿಲ್ಲಿಸ್ಯಾರ. ತೆಳಗ ಮಾರಿ ಮಾಡಿ ಜೋತ ಬೀಳೂದ ಬಿಟ್ಟ."

"ಬರದಾಂವಗ ಕುತ್ತಗಿ ನೋಯ್ತಿದ್ದೀತ್ರಿ."

ನಕ್ಕರು ಇಬ್ಬರೂ. ಇಳಿದ ಮೇಲೆ ಅವನು ಒಂದು ಮಾತು ಹೇಳಿದ್ದ. "ಗಾಜಿಗೆ ನೀರ ಮುಟ್ಟಸಬ್ಯಾಡ್ರಿ ಅವ್ವಾರ. ತೆಳಗಿನ ಕಟ್ಟಿನ್ಯಾಗ ಸಂದಿ ಇರತೈತಿ. ಹನಿ ಇಳದ್ರ ಕಾಗದ ಕುಡದಬಿಡತೈತಿ." ಆಕೆ ಅಂದಿನಿಂದ ಹಳೆಯ ಧೋತರದ ಮೆತ್ತನೆಯ ಅರಿವೆಯಿಂದ ಒಣಒಣ ಒರೆಸುತ್ತ ಬಂದಳು. ಒಂದು ದಿನವೂ ತಪ್ಪಿಸಿದವಳಲ್ಲ.

ಒರೆಸುತ್ತ ಒರೆಸುತ್ತ ಮಾತು ಶುರುವಾಯಿತು. ಗೂಗೆ ಗಂಡನ ಕಡೆಯ ಸಣ್ಣತ್ತೆಯ ಹಾಗೆ ಕಣ್ಣು ಬಿಟ್ಟು ನೋಡುತ್ತಿತ್ತು. ಅದಕ್ಕೆ "ಸಣ್ಣತ್ತಿ" ಅಂದಳು. ಮೈಯೆಲ್ಲ ಹುರುಪೆಯಾದ ಚಿಪ್ಪುಹಂದಿ "ಮುತ್ಯಾ" ಆಯಿತು. ರೆಕ್ಕೆಯನ್ನು ಕಂಬಳಿಯಂತೆ ಸುತ್ತಿಕೊಂಡ ಬಾವಲಿ "ಮಾವ". ತಲೆಯ ಮೇಲೆ ಪಟಕಾ ಸುತ್ತಿದಂತೆ ಕೊಂಬಿನ ಗಡ್ಡೆ ಹೊತ್ತ ಮಂಗಟ್ಟೆ ಹಕ್ಕಿ "ಸಾವಕಾರ". ದೊಡ್ಡ ಕಣ್ಣಿನ ಕಾಡುಪಾಪ ಯಾರ ಹಾಗೂ ಇರಲಿಲ್ಲ, ಅದನ್ನು "ಕೂಸು" ಎಂದಳು. ಬೇರು ಸಮೇತ ಕಿತ್ತು ಇಟ್ಟಂತೆ ಬರೆದ ಒಂದು ಹತ್ತಿ ಗಿಡವಿತ್ತು. ಒಡೆದ ಕಾಯಿಯಲ್ಲಿ ಒಂದು ಕಡ್ಡಿ ಕಸವಿಲ್ಲ. "ಇದನ್ನ ಯಾರ ಆರಿಸಿದ್ರ?" ಎಂದು ಅದನ್ನೇ ಕೇಳಿದ್ದಳಂತೆ.

ಅವುಗಳ ಬಗ್ಗೆ ಆಕೆ ನನಗೊಂದು ಮಾತು ಹೇಳಿದಳು, ನನಗೆ ಮರೆಯಲು ಆಗಿಲ್ಲ. "ಅವಕ್ಕ ನೆಲಾನ ಇಲ್ಲ ನೋಡ್ರಿ. ಕಾಲ ತೆಳಗ ಬರೇ ಬಿಳೇ ಕಾಗದ. ಬಾಜೂಕ ಒಂದ ಹುಲ್ಲ ಕಡ್ಡಿ ಇಲ್ಲ. ಒಂದೊಂದನ್ನ ಒಂದೊಂದ ಪೆಟಗ್ಯಾಗ ಇಟ್ಟಂಗ ಇಟ್ಟಾರ. ಮಾತಾಡಸದಿದ್ರ ಹೆಂಗ್ರಿ?"

ಮನೆಗೆಲಸದವಳು ಚಿತ್ರಗಳೊಂದಿಗೆ ಮಾತಾಡುತ್ತಾಳೆ ಎಂದರೆ ನಿಮಗೆ ನಗು ಬರಬಹುದು. ಚಿತ್ರ ತಂದವರು ಅವುಗಳ ಕಡೆ ತಲೆಯೆತ್ತಿ ನೋಡಿದ್ದನ್ನು ಆಕೆ ಕಂಡಿರಲಿಲ್ಲ ಎಂದರೆ ಯಾರಿಗೂ ನಗು ಬರುವುದಿಲ್ಲ.

ಇನ್ನು ಪಂಚಮಿ. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಬಂದು ತವರಿಗೆ ಕರೆದೊಯ್ಯಬೇಕು. ಮಡಿವಾಳಪ್ಪ ಇರುವ ತನಕ ಪ್ರತಿವರ್ಷ ಸೈಕಲ್ ಮೋಟಾರಿನ ಮೇಲೆ ಬಂದು, "ಏಳವಾ, ಜೋಕಾಲಿ ಕಟ್ಟೇವಿ" ಎಂದು ಕರೆದುಕೊಂಡು ಹೋಗುತ್ತಿದ್ದ. ಅವನು ಹೋದ ಮೇಲೆ ಕರೆಯುವವರಿಲ್ಲ. ಆದರೂ ಹಾಲೆರೆಯುವುದನ್ನು ಮುರಿಗೆವ್ವ ಬಿಟ್ಟಿರಲಿಲ್ಲ. ಗೆಸ್ಟ್ ಹೌಸಿನ ಬದಿಯ ಖಾಲಿ ಪ್ಲಾಟಿನಲ್ಲಿ ಒಂದು ಹುತ್ತವಿತ್ತು, ಅಲ್ಲಿಗೆ ಹೋಗಿ ಎರೆದು ಬರುತ್ತಿದ್ದಳು. ಈ ವರ್ಷ ಪಂಚಮಿಗೆ ಸ್ವಲ್ಪ ಮುಂಚೆ ಜೆಸಿಬಿ ಬಂದು ಆ ಪ್ಲಾಟನ್ನು ಸಪಾಟು ಮಾಡಿಹೋಯಿತು. ನಾಗಪ್ಪನ ಕಟ್ಟೆ ಇರುವುದು ದೂರ, ಊರೊಳಗೆ. ಮೊಣಕಾಲು ಬರುವುದಿಲ್ಲ, ಮೇಲಾಗಿ ಹಬ್ಬದ ಮರುದಿನ ಅತಿಥಿಗಳು ಬರುತ್ತಾರೆ, ಮನೆ ಬಿಟ್ಟು ಹೋಗಬೇಡ ಎಂದು ಬಸವಪ್ರಭುವಿನ ಅಪ್ಪಣೆ.

ಮನೆಯೊಳಗೆ ಒಬ್ಬ ನಾಗಪ್ಪ ಇದ್ದನಲ್ಲ. ಹೆಡೆ ಎತ್ತಿ, ಹೆಡೆಯ ಮೇಲಿನ ಗುರುತು ಸಹಿತ.

ಆಕೆ ಎಚ್ಚರಗೇಡಿಯಾಗಿರಲಿಲ್ಲ. ಕಮರುದ್ದೀನನ ಮಾತು ನೆನಪಿತ್ತು. ಅದಕ್ಕೇ ಎರೆಯಲಿಲ್ಲ, ಬೆಲ್ಲ ಇಟ್ಟ ಕೊಬ್ಬರಿ ಬಟ್ಟಲನ್ನು ಹಾಲಿನಲ್ಲಿ ಅದ್ದಿ, ಝಾಡಿಸಿ, ಗಾಜಿಗೆ ಮುಟ್ಟಿಸಿದಳು. ಕೆಳಗೆ ತಾಟು ಇಟ್ಟಳು. ಗಾಜಿನ ಮೇಲೆ ಒಂದು ಹನಿ ನಿಂತರೆ ಸೆರಗಿನಿಂದ ಒರೆಸಿದರಾಯಿತು ಎಂದುಕೊಂಡಳು.

ಆದರೆ ನಮ್ಮಲ್ಲಿ ಸುಮ್ಮನೆ ಹಾಲೆರೆಯುವುದಿಲ್ಲ. ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಪಾಲು ಎರೆಯಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು. ಹೆಸರು ಹೇಳಿಸಿಕೊಂಡವರನ್ನು ನಾಗಪ್ಪ ಕಾಯುತ್ತಾನೆ. ಬದುಕಿದ್ದವರಿಗಷ್ಟೇ ಪಾಲು, ಸತ್ತವರನ್ನು ಹಾವು ಇನ್ನೇನು ಮಾಡೀತು? ಶಿರಗುಪ್ಪಿಯಲ್ಲಿ ಹುಡುಗಿಯಾಗಿದ್ದಾಗ ಹೆಸರು ಮುಗಿಯುತ್ತಿರಲಿಲ್ಲ, ತಂಬಿಗೆಯ ಹಾಲು ಮುಗಿಯುತ್ತಿತ್ತು.

ದೇವರ ಪಾಲು ಅಂದಳು. ಗುರುವಿನ ಪಾಲು ಅಂದಳು. ಅಪ್ಪ ಇಲ್ಲ. ಅವ್ವ ಇಲ್ಲ. ಗಂಡ ಇಲ್ಲ. ಅಣ್ಣ ಇಲ್ಲ. ಅಣ್ಣನ ಮಕ್ಕಳ ಪಾಲು ಅಂದಳು. ಅಲ್ಲಿಗೆ ಮುಗಿಯಿತು. ಬಟ್ಟಲು ಕೈಯಲ್ಲೇ ನಿಂತಿತು. ವಿಡಿಯೊದಲ್ಲಿ ಅದು ಕಾಣುತ್ತದೆ, ಕೈ ಗಾಜಿನ ಮುಂದೆ ಸುಮ್ಮನೆ ನಿಂತದ್ದು. ಅಲ್ಲಿಯೇ ನಿಲ್ಲಿಸಿದ್ದರೆ ಕಾಗದಕ್ಕೆ ಏನೂ ಆಗುತ್ತಿರಲಿಲ್ಲ.

ಆಕೆ ಮತ್ತೆ ಅದ್ದಿದಳು. ಧಣಿಯರ ಪಾಲು. ಶಾಂಭವಿ ಅಕ್ಕಾರ ಪಾಲು. ಅವರ ಮಗ ಶಿವಯೋಗೀಶನ ಪಾಲು, ಮಗಳು ರಜನಿಯ ಪಾಲು. ಜೊತೆಗೆ ಹತ್ತಿ ಆರಿಸುತ್ತಿದ್ದ ಗೆಳತಿ ಮಾಶಾಬಿಯ ಪಾಲು. ಆಕೆಯ ತಮ್ಮ ಕಮರುದ್ದೀನನ ಪಾಲು. ಗೇಟಿನಲ್ಲಿ ಹಾರ್ನ್ ಹೊಡೆದು ಹೋಗುವ ಹಾಲಿನವನ ಪಾಲು. ಇನ್ನು? ಆಗ ಆಕೆ ಹೊರಳಿ ಹಿಂದಿನ ಗೋಡೆಯ ಚಿತ್ರಗಳ ಕಡೆ ನೋಡಿದಳು. ನೀವು ನಕ್ಕದ್ದು ಆ ಹೊರಳಿಗೆ. ಸಣ್ಣತ್ತಿಯ ಪಾಲು, ಮುತ್ಯಾನ ಪಾಲು, ಮಾವನ ಪಾಲು, ಸಾವಕಾರನ ಪಾಲು, ಕೂಸಿನ ಪಾಲು, ಹತ್ತಿ ಗಿಡದ ಪಾಲು. ಹೆಸರು ಹೆಚ್ಚಿದಂತೆ ಹನಿ ಹೆಚ್ಚಿತು. ಹನಿಗಳು ಕೂಡಿ ಗಾಜಿನ ಮೇಲೆ ಸಣ್ಣ ದಾರಿ ಮಾಡಿಕೊಂಡು ಇಳಿದವು. ತಾಟಿಗೆ ಬಿದ್ದದ್ದು ಕಡಿಮೆ, ಕಟ್ಟಿನ ಸಂದಿಗೆ ಹೋದದ್ದು ಹೆಚ್ಚು.

ಒರೆಸಿದಳು. ಒಳಗೆ ಹೋದದ್ದನ್ನು ಒರೆಸಲಾಗಲಿಲ್ಲ. ಒಣಗೀತು ಎಂದುಕೊಂಡಳು.

ಮರುದಿನ ಅತಿಥಿಗಳು ಬಂದಾಗ ಕಿಟಕಿಯಿಂದ ನಾಗರಹಾವಿನ ತನಕ ಕರೀ ದಾರದಂತೆ ಇರುವೆಯ ಸಾಲು. ಬೆಲ್ಲ ಬೆರೆತ ಹಾಲು ಅದು, ಬಿಡುತ್ತವೆಯೇ? ಗಾಜಿನೊಳಗೆ ಕಾಗದ ಉಬ್ಬಿ, ಹಾವಿನ ಬಾಲದ ಬಣ್ಣ ಹರಿದು ಕಲೆಯಾಗಿತ್ತು.

"ಏನ್ರಿ ಪ್ರಭು, ನಿಮ್ಮ ಹಾವಿಗೆ ಇರಬಿ ಹತ್ತ್ಯಾವಲ್ಲರಿ!" ಅಂದನಂತೆ ಒಬ್ಬ ವ್ಯಾಪಾರಿ.

ಬಸವಪ್ರಭು ಮೊಬೈಲು ತೆಗೆದು ಹಿಂದಿನ ದಿನದ ಕ್ಯಾಮೆರಾ ನೋಡಿದ. ಎಲ್ಲರೂ ಸೋಫಾದಲ್ಲಿ ಕೂತು ನೋಡಿ ಹೊಟ್ಟೆ ಹಿಡಿದು ನಕ್ಕರು. ಯಾರೋ "ನನಗೂ ಕಳಸ್ರಿ" ಅಂದರು. ಕಳಿಸಿದ. ಸಂಜೆಯ ಹೊತ್ತಿಗೆ ಊರೆಲ್ಲ ನಗುತ್ತಿತ್ತು. ಆಗ ಅವನ ನಗು ನಿಂತಿತು. ಏಕೆಂದರೆ ಈಗ ಪೇಟೆಯಲ್ಲಿ ಕಂಡವರೆಲ್ಲ, "ಗೆಸ್ಟ್ ಹೌಸಿನ ಜಾತ್ರಿ ಯಾವಾಗ್ರಿ? ತೇರಿಗೆ ಹತ್ತಿ ಕೊಡ್ತೇವಿ" ಎಂದು ಕೇಳುತ್ತಿದ್ದದ್ದು ಅವನನ್ನು.

ಮುರಿಗೆವ್ವನನ್ನು ಹಾಲ್‌ನ ನಡುವೆ ನಿಲ್ಲಿಸಿದ.

"ಬುದ್ಧಿ ಐತಿಲ್ಲೋ ನಿನಗ? ಅದು ದೇವರಲ್ಲ ಬೇ, ಆರ್ಟ್."

"ತಪ್ಪಾತ್ರಿ ಧಣ್ಯಾರ. ಹುತ್ತ ಕೆಡವ್ಯಾರ್ರಿ. ಎಲ್ಲಿ ಹಾಕ್ಲಿ?"

"ಹುತ್ತ ಇಲ್ಲಂದ್ರ ಬಿಟ್ಟ ಬಿಡಬೇಕ. ಊರ ಮಂದಿ ನಗಾಕತ್ತಾರ ನನಗ."

"ನಗೂದ ನನ್ನ ನೋಡ್ರಿ."

"ನಿನ್ನ ಯಾರ ಗುರತ ಹಿಡಿತಾರ? ಮನಿ ನಂದು!"

ಅವನು ಹೇಳಿದ್ದು ನಿಜ. ಖೋಲಿ ಖಾಲಿ ಮಾಡು ಅಂದ.

ಚಿತ್ರವನ್ನು ಇಳಿಸಲು ಕಮರುದ್ದೀನ ಬಂದ. ಹಿಂದಿನ ಹಲಗೆ ಬಿಚ್ಚಿ ನೋಡಿದರೆ ಕಾಗದ ಗಾಜಿಗೆ ಅಂಟಿಕೊಂಡಿತ್ತು; ಎಳೆದರೆ ಹಾವಿನ ಹೆಡೆ ಗಾಜಿನ ಮೇಲೆ ಉಳಿಯುವಂತಿತ್ತು. ಏನು ಮಾಡಲಿ ಎಂದು ಕೇಳಿದ.

"ಕಸದ ಗಾಡಿಗೆ ಒಗಿ," ಅಂದ ಬಸವಪ್ರಭು.

"ಏ, ಬ್ಯಾಡ್ರಿ!" ಶಾಂಭವಿ ಬಾಗಿಲಲ್ಲೇ ಕೂಗಿದಳು. "ಪಂಚಮಿ ದಿನಾ ಹಾಲ ಹಾಕಿ ಪೂಜಿ ಆಗೇದ ಅದಕ್ಕ. ಮನ್ಯಾಗ ಮಕ್ಕಳಿದಾವ, ಏನರ ಹೆಚ್ಚುಕಡಿಮಿ ಆದ್ರ?"

ಅದು ದೇವರಲ್ಲ, ಆರ್ಟ್ ಎಂದವನು ಕಾರಿನ ಕೀಲಿ ಎತ್ತಿಕೊಂಡ. ನಾಗರಹಾವನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಅರಳಿಮರದ ಕೆಳಗಿನ ನಾಗಪ್ಪನ ಕಟ್ಟೆಗೆ ಒಯ್ದರು. ಮನೆಯಲ್ಲಿ ಇಡಲಾಗದ, ಒಗೆಯಲೂ ಆಗದ ದೇವರ ಫೋಟೊಗಳನ್ನು ನಾವೆಲ್ಲ ಬಿಟ್ಟು ಬರುವ ಜಾಗ ಅದು. ಊದಿನಕಡ್ಡಿ ಹಚ್ಚಿದರು, ಕಾಯಿ ಒಡೆದರು, ತಪ್ಪಾಯಿತು ಎಂದು ಗಂಡ ಹೆಂಡತಿ ಕೈಮುಗಿದರು. ಮುರಿಗೆವ್ವ ಅದೇ ಹೊತ್ತಿಗೆ ಗಂಟು ತಲೆಯ ಮೇಲಿಟ್ಟುಕೊಂಡು ಗೇಟಿನ ಹೊರಗೆ ಆಟೊ ಕಾಯುತ್ತ ನಿಂತಿದ್ದಳು. ಹಾವು ಕಚ್ಚೀತು ಎಂದು ಅವರಿಗೆ ಭಯವಿತ್ತು. ಮುದುಕಿ ಕಚ್ಚುವುದಿಲ್ಲ ಎಂಬುದು ಗೊತ್ತಿತ್ತು.

ಆಕೆ ಹೋದದ್ದು ಹುಬ್ಬಳ್ಳಿಯ ಬೆಂಗೇರಿಗೆ, ಮಾಶಾಬಿಯ ಮನೆಗೆ. ಒಂದೇ ಖೋಲಿ. ಮುರಿಗೆವ್ವ ಲಿಂಗ ಕಟ್ಟಿಕೊಂಡವಳು, ಮಾಶಾಬಿಯ ಒಲೆಯಲ್ಲಿ ಮಾಂಸ ಬೇಯುತ್ತದೆ. ನಾನು ಆಕೆಯನ್ನು ಹುಡುಕಿಕೊಂಡು ಹೋದಾಗ ಇಬ್ಬರೂ ಇದರ ಮೇಲೆಯೇ ಜಗಳವಾಡುತ್ತ ಕೂತಿದ್ದರು.

"ನಿನ್ನ ಗಡಗಿ ಬ್ಯಾರೆ ಇಟ್ಟೇನಿ, ನಿನ್ನ ಸೌಟ ಬ್ಯಾರೆ ಇಟ್ಟೇನಿ. ಇನ್ನ ಗಾಳಿನೂ ಬ್ಯಾರೆ ತರಸಬೇಕೇನ ನಿನಗ?"

"ಗಾಳಿ ಇದ್ದದ್ದ ಇರಲಿ. ನಿನ್ನ ಗೊರಕಿ ಒಂದಿಷ್ಟ ಬ್ಯಾರೆ ಇಡು."

ಕಮರುದ್ದೀನನೂ ಬಂದಿದ್ದ, ಅಕ್ಕನನ್ನು ನೋಡಲು. ಹೊರಗೆ ನನ್ನ ಕಿವಿಯಲ್ಲಿ ಹೇಳಿದ: ಮಾಶಾಬಿಯ ಮಗಳು ಬಾಣಂತನಕ್ಕೆ ಬರುವವಳಿದ್ದಾಳೆ, ಆಮೇಲೆ ಇಲ್ಲಿ ಜಾಗವಿಲ್ಲ, ಅಕ್ಕನಿಗೆ ಹೇಳಲು ಬಾಯಿ ಬರುತ್ತಿಲ್ಲ. ಮುರಿಗೆವ್ವನಿಗೆ ಅದು ಗೊತ್ತಿತ್ತು. ಗಂಟನ್ನು ಬಿಚ್ಚದೆ ಮೂಲೆಯಲ್ಲಿ ಇಟ್ಟಿದ್ದಳು.

"ಹಿಂದಕ್ಕ ಹೊಳ್ಳಿ ಏನ್ ನೋಡಿದ್ರಿ ಅವ್ವಾರ?" ಎಂದು ಕೇಳಿದೆ.

ಆಗ ಹೇಳಿದಳು, ಮೇಲೆ ನಾನು ಬರೆದದ್ದನ್ನೆಲ್ಲ. ಹೆಸರುಗಳನ್ನು ಅದೇ ಸಾಲಿನಲ್ಲಿ, ಬೆರಳು ಮಡಚುತ್ತ. ಯಾರೂ ಕೇಳದ ಕಾರಣ ಯಾರಿಗೂ ಹೇಳಿರಲಿಲ್ಲ. ಕಮರುದ್ದೀನ ನೆಲ ನೋಡುತ್ತ ಕೂತಿದ್ದ.

"ನನ್ನ ಪಾಲೂ ಹಾಕಿದ್ರೇನ?"

"ಹಾಕೇನಿ. ಯಾಕ, ನಿಮಗ ಹಾವ ಕಡಿಯಂಗಿಲ್ಲೇನ?"

ಮಾಶಾಬಿ ನಕ್ಕಳು. ಅವನು ನಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಬಸವಪ್ರಭುವಿನ ಹತ್ತಿ ಅಂಗಡಿಗೆ ಹೋದ. ಅಲ್ಲಿ ನಡೆದದ್ದನ್ನು ಆಮೇಲೆ ಅವನೇ ಹೇಳಿದ. ಪಾಲಿನ ಹೆಸರುಗಳನ್ನೆಲ್ಲ ಕೇಳಿಸಿಕೊಂಡ ಬಸವಪ್ರಭು ಮೊಬೈಲು ತೆಗೆದು ಅದೇ ವಿಡಿಯೊ ಮತ್ತೆ ನೋಡಿದನಂತೆ. ಈ ಸಲ ಮುದುಕಿಯ ತುಟಿಯನ್ನೇ ನೋಡಿದ.

"ಶಿವೂಂದು? ರಜನೀದೂ?"

"ಹೂನ್ರಿ. ನಿಮ್ಮದ ಮೊದಲ."

"ಮತ್ತ ಇದನ್ನ ಆಕಿ ಅವತ್ತ ಯಾಕ ಹೇಳಲಿಲ್ಲ?"

"ನೀವ ಕೇಳಿದ್ರೇನ್ರಿ?"

ಬಸವಪ್ರಭು ಮರುದಿನ ತಾನೇ ಕಾರು ಓಡಿಸಿಕೊಂಡು ಬೆಂಗೇರಿಗೆ ಬಂದ. ಕಾರು ಓಣಿಯೊಳಗೆ ಬರಲಿಲ್ಲ, ನಡೆದು ಬಂದ. "ನಡಿ ಅವ್ವಾ, ಖೋಲಿ ಹಂಗ ಐತಿ" ಅಂದ. ಕ್ಷಮೆ ಕೇಳಲಿಲ್ಲ, ಆ ಮಾತು ಅವನ ಜಾತಿಯ ಗಂಡಸರ ಬಾಯಲ್ಲಿ ಬರುವುದಿಲ್ಲ, ಜಾತಿ ಅಂದರೆ ಒಡೆಯರ ಜಾತಿ. ಆದರೆ ಗಂಟನ್ನು ತಾನೇ ಎತ್ತಿಕೊಂಡ. ಅವನು ರಾಕ್ಷಸನಲ್ಲ. ರಾಕ್ಷಸನಾಗಿದ್ದರೆ ನನಗೆ ಬರೆಯುವುದು ಸುಲಭವಿತ್ತು.

ಹೀಗೆ ಮುರಿಗೆವ್ವನಿಗೆ ಸೂರು ಮರಳಿ ಸಿಕ್ಕಿತು. ಶಾಂಭವಿ ಇಳಕಲ್ ಸೀರೆ ಕೊಟ್ಟಳು. ಉಳಿದ ಚಿತ್ರಗಳೆಲ್ಲ ಗೋಡೆಯ ಮೇಲೆ ಇದ್ದಲ್ಲೇ ಇದ್ದವು, ಧೂಳು ಹಿಡಿದು. ಮತ್ತು ಒಂದು ಹೊಸ ವ್ಯವಸ್ಥೆ ಆಗಿತ್ತು. ಬಸವಪ್ರಭು ಅದನ್ನು ತೋರಿಸಿದ್ದು ಪ್ರೀತಿಯಿಂದಲೇ.

"ಹಳೇ ಕ್ಯಾಮೆರಾ ತಗಸೇನಿ ಅವ್ವಾ. ಇದಕ್ಕ ಧ್ವನಿನೂ ಐತಿ. ಹಾಲಿನ್ಯಾಗ, ಅಡಗಿಮನ್ಯಾಗ, ಪಡಸಾಲ್ಯಾಗ, ಎಲ್ಲಾ ಕಡೆ ಹಾಕಸೇನಿ. ನೀ ಇನ್ನ ಒಬ್ಬಾಕಿ ಅಲ್ಲ. ಏನ ಬೇಕಾದ್ರೂ ಇಲ್ಲೇ ನಿಂತ ಹೇಳು, ಹುಬ್ಬಳ್ಳ್ಯಾಗ ನಮಗ ಕೇಳಸ್ತೈತಿ. ನಾವೂ ಮಾತಾಡ್ತೇವಿ."

ಮಾತಾಡಿದರು ಕೂಡ. ಮೊದಲ ಕೆಲವು ದಿನ ಸಂಜೆ ಗೋಡೆಯೊಳಗಿಂದ ಮಕ್ಕಳ ಧ್ವನಿ ಬರುತ್ತಿತ್ತು. "ಅಮ್ಮಾ, ಊಟಾ ಆತೇನ? ಗೂಗಿ ಪಾಲ ಒಮ್ಮೆ ಹೇಳ್ರಿ! ಬಾವಲಿದ ಹೇಳ್ರಿ!" ಹಿಂದೆ ಕಿಸಿಕಿಸಿ ನಗು. ಆಕೆ ಹೇಳುತ್ತಿದ್ದಳು. ಆಮೇಲೆ ಮಕ್ಕಳಿಗೆ ಪರೀಕ್ಷೆ ಬಂತೋ ಬೇಸರ ಬಂತೋ, ಧ್ವನಿ ನಿಂತಿತು. ಕ್ಯಾಮೆರಾದ ಸಣ್ಣ ಹಸಿರು ದೀಪ ಮಾತ್ರ ನಿಲ್ಲಲಿಲ್ಲ.

ದೀಪಾವಳಿ ಕಳೆದ ಮೇಲೆ ನಾನು ಹೋದೆ. ಒಳಗೆ ಕರೆಯಲಿಲ್ಲ. ತಾನೇ ಗೇಟು ದಾಟಿ ಹೊರಗೆ ಬಂದು, ಸಪಾಟು ಮಾಡಿದ ಪ್ಲಾಟಿನ ಅಂಚಿನ ಕಲ್ಲಿನ ಮೇಲೆ ಕೂತಳು. ಮಾಶಾಬಿಯ ಮಗಳಿಗೆ ಹೆಣ್ಣು ಕೂಸಾಗಿದೆ ಎಂದೆ. "ಯಾರಂಗ ಐತ್ರಿ?" ಎಂದು ಎರಡೆರಡು ಸಲ ಕೇಳಿದಳು. ಮಾಶಾಬಿಯ ಗೊರಕೆ, ಹೊಸ ಲೇಔಟಿನ ಬೋರ್‌ವೆಲ್ಲು, ಗ್ಯಾಸು ಮುಗಿಯಲು ಬಂದದ್ದು, ಎಲ್ಲ ಮಾತಾಡಿದಳು. ಕಲ್ಲು ಬಿಟ್ಟು ಏಳುವ ಮನಸ್ಸಿರಲಿಲ್ಲ.

"ಈಗೂ ಅವನ್ನ ಮಾತಾಡಸ್ತೀರೇನ್ರಿ?" ಎಂದೆ.

"ಒರಸ್ತೇನ್ರಿ," ಅಂದಳು.

"ಮಾತು?"

ಒಮ್ಮೆ ಗೇಟಿನ ಕಡೆ ನೋಡಿ, ಮೆಲ್ಲಗೆ: "ಹುಬ್ಬಳ್ಳ್ಯಾಗ ಕೇಳಸ್ತೈತ್ರಿ."

ಈ ಬರಹವನ್ನು ಪತ್ರಿಕೆಗೆ ಕಳಿಸುವ ಮೊದಲು ಅದೇ ಕಲ್ಲಿನ ಮೇಲೆ ಕೂರಿಸಿ ಆಕೆಗೆ ಓದಿ ಹೇಳಿದೆ. ಎಲ್ಲಿ ನಕ್ಕಾಳು ಎಂದುಕೊಂಡಿದ್ದೆನೋ ಅಲ್ಲಿ ನಗಲಿಲ್ಲ. ಧಣಿ ಬೈದ ಕಡೆ ಬಂದಾಗ, "ಇದನ್ನ ತಗೀರಿ" ಅಂದಳು. ತೆಗೆಯಲಾರೆ ಎಂದೆ. ಹಾಗಾದರೆ ತನ್ನದೊಂದು ಮಾತು ಸೇರಿಸಬೇಕು, ಕಟ್ಟಕಡೆಗೆ ಹಾಕಬೇಕು, ಓದಿದವರ ಮನಸ್ಸಿನಲ್ಲಿ ಅದು ಉಳಿಯಬೇಕು ಎಂದು ಕೇಳಿಕೊಂಡಳು. ಆಕೆಯ ಮಾತಿನಲ್ಲೇ ಹಾಕಿದ್ದೇನೆ:

"ಮಂದಿ ಭಾಳ ಛಲೋ ಅದಾರ್ರಿ. ಏನೂ ಕಡಿಮಿ ಮಾಡಿಲ್ಲ ನನಗ. ಹಿಂಗಂತ ಬರೀರಿ, ದೊಡ್ಡ ಅಕ್ಷರದಾಗ ಬರೀರಿ. ಖೋಲಿ ಒಂದ ಉಳೀಲಿ."